ಕೆರೆ ಕೋಡಿ ಬಿತ್ತು, ಹೇಳಬೇಕಾದವರಿಗೆ ಹೇಳಿಬಿಡುತ್ತೇನೆ

ಊರಿನಲ್ಲಿರುವವರಿಗೆ, ಊರು ಬಿಟ್ಟು ದಾವಣಗೆರೆ, ಬೆಂಗಳೂರು ಸೇರಿದವರಿಗೆ, ಕೆರೆ ಸಮಿತಿಯ ಪರವಾಗಿ ಶರಣು.

2024ರ ಅಕ್ಟೋಬರಿನ ಚಿತ್ತೆ ಮಳೆಗೆ ನಮ್ಮ ಕೆರೆ ಕೋಡಿ ಬಿದ್ದ ವಿಡಿಯೊ ಎಲ್ಲರ ಫೋನಿಗೂ ಬಂದಿದೆ. ಡ್ರೋನ್ ಹಾರಿಸಿದ ಹುಡುಗನಿಗೂ ಥ್ಯಾಂಕ್ಸ್. ಆದರೆ ಆ ವಿಡಿಯೊದಲ್ಲಿ ಕಾಣದವರ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. "ಮಳೆ ಬಂತು, ಕೆರೆ ತುಂಬ್ತು, ಇದ್ರಾಗೆ ನಿಮ್ ಸಮಿತೀದೇನೈತೆ?" ಅಂತ ಮೊನ್ನೆ ಹೋಟೆಲ್ ಮುಂದೆ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. 2022ರಲ್ಲೂ ಮಳೆ ಬಂದಿತ್ತಲ್ಲ? 1933 ಆದಮೇಲೆ ಮೊದಲ ಸಲ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಅಣೆಕಟ್ಟು, ಕೋಡಿ ಹರಿದ ವರ್ಷ ಅದು. ಮಾರಿಕಣಿವೆಯೇ ತುಂಬಿದ ಆ ವರ್ಷ ನಮ್ಮ ಕೆರೆಯಲ್ಲಿ ದನ ಈಜುವಷ್ಟೂ ನೀರು ನಿಲ್ಲಲಿಲ್ಲ. ಕೆರೆಗೆ ನೀರು ತರುವ ಹಳ್ಳ ಮುಚ್ಚಿಹೋಗಿತ್ತು, ನೀರು ರಸ್ತೆ ಮೇಲೆ ಹರಿದು ಹೋಯಿತು.

ಆಮೇಲೆ ಬಂದಿದ್ದು 2023. ದೇಶದಲ್ಲಿ 1901ರಿಂದ ಇಟ್ಟ ಲೆಕ್ಕದಲ್ಲೇ ಅಷ್ಟು ಒಣ ಆಗಸ್ಟ್ ಇರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು, ನಮ್ಮ ಹೊಸದುರ್ಗವೂ ಸೇರಿ. ಹವಾಮಾನ ಬದಲಾವಣೆ ಅಂತ ಟಿವಿಯಲ್ಲಿ ಹೇಳುವುದು ನಮ್ಮ ಹೊಲಕ್ಕೆ ಬರುವುದು ಹೀಗೆ: ವರ್ಷಕ್ಕೆ ಸರಾಸರಿ 600 ಮಿ.ಮೀ. ಕೂಡ ಇಲ್ಲದ ಮಳೆ ತಿಂಗಳುಗಟ್ಟಲೆ ಕಾಯಿಸಿ, ಬಂದರೆ ನಾಲ್ಕೇ ದಿನದಲ್ಲಿ ಸುರಿದು ಹೋಗುತ್ತದೆ. ಆ ನಾಲ್ಕು ದಿನದ ನೀರು ಹಿಡಿಯಲು ಜಾಗ ಬೇಕು. ಕೆರೆ ಬಿಟ್ಟರೆ ನಮ್ಮ ಹತ್ತಿರ ಬೇರೆ ಏನಿದೆ?

ಅದಕ್ಕೇ ಕೆರೆಯ ಹೂಳೆತ್ತಿ, ಹಳ್ಳ ಬಿಡಿಸಲು ಹೊರಟೆವು. ಬೆಂಗಳೂರಿನ ಹುಡುಗರು ಫೋನ್‌ಪೇನಲ್ಲಿ ಕಳಿಸಿದ ದುಡ್ಡು ಹೂಳೆತ್ತುವ ಹಿಟಾಚಿಯ ಬಾಡಿಗೆಗೆ, ಡೀಸೆಲ್‌ಗೆ ಆಯಿತು. ಮಾರ್ಚಿನಲ್ಲಿ ಅವರೇ ಅಲ್ಲಿ ಟ್ಯಾಂಕರ್ ನೀರಿಗೆ ದುಪ್ಪಟ್ಟು ಕೊಡುತ್ತಿದ್ದರು, ಅದು ನಮಗೆ ಗೊತ್ತಿದೆ. ಚುನಾವಣೆಯ ನೀತಿ ಸಂಹಿತೆ ಬಂದು ಹೊಸ ಕಾಮಗಾರಿಗೆ ಮಂಜೂರಾತಿ ಇಲ್ಲ ಅಂದಾಗ ಕೈ ಹಿಡಿದಿದ್ದು ಅದೇ ದುಡ್ಡು. ಕೆರೆಯಿಂದ ಎತ್ತಿದ ಗೋಡು ಮಣ್ಣನ್ನು ರೈತರು ತಮ್ಮ ಟ್ರ್ಯಾಕ್ಟರ್, ತಮ್ಮ ಖರ್ಚಿನಲ್ಲೇ ಹೊಲಕ್ಕೆ ಹೊಡೆದುಕೊಂಡರು. ಈ ಸಲ ಅವರ ರಾಗಿ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ನಿಜ ಹೇಳಬೇಕೆಂದರೆ ಹೂಳೆತ್ತುವುದು ಸುಲಭದ ಭಾಗ. ದುಡ್ಡಿದ್ದರೆ ಯಂತ್ರ ಬರುತ್ತದೆ, ಫೋಟೊನೂ ಚೆನ್ನಾಗಿ ಬರುತ್ತದೆ. ಹಳ್ಳ ಬಿಡಿಸದೆ ಹೂಳೆತ್ತಿದರೆ ಸಿಗುವುದು ದೊಡ್ಡ ಗುಂಡಿ ಅಷ್ಟೆ. ಸರ್ವೆಯವರು ಅಳತೆ ಮಾಡಿದಾಗ ಹಳ್ಳದ ಮೇಲೆ ಎರಡು ಮನೆಯವರ ಅಡಿಕೆ ಇತ್ತು, ಫಲಕ್ಕೆ ಬಂದಿದ್ದ ಗಿಡ. ಅವರು ಕೋರ್ಟಿಗೆ ಹೋಗಿದ್ದರೆ ಇವತ್ತಿಗೂ ವಾಯಿದೆ ನಡೆಯುತ್ತಿತ್ತು. "ಹಳ್ಳದ ಜಾಗ ಹಳ್ಳಕ್ಕೋಗ್ಲಿ ಬಿಡ್ರಪ್ಪ" ಅಂದು ಅದರಲ್ಲಿ ಒಂದು ಮನೆಯ ಅಜ್ಜಿ ಒಳಗೆ ಹೋದರು, ಟೀ ಕಳಿಸಿದರು. ಗಿಡ ಕಡಿಯುವಾಗ ಮಾತ್ರ ಹೊರಗೆ ಬರಲಿಲ್ಲ. ಈ ಬರಹದಲ್ಲಿ ಒಬ್ಬರಿಗೇ ಕೈ ಮುಗಿಯಬೇಕು ಅಂದರೆ ಆ ಅಜ್ಜಿಗೆ.

ಹಳ್ಳ ತೆಗೆದದ್ದು ಉದ್ಯೋಗ ಖಾತ್ರಿ (ನರೇಗಾ) ಕೆಲಸದಲ್ಲಿ, ಅದರಲ್ಲಿ ಜೆಸಿಬಿ ಇಳಿಸುವಂತಿರಲಿಲ್ಲ. ಹಾಗಾಗಿ ಅಷ್ಟುದ್ದ ಹಳ್ಳವನ್ನು ಸನಿಕೆ, ಬಾಂಡ್ಲಿ ಹಿಡಿದು ತೆಗೆದವರು ನಮ್ಮೂರಿನ ಹೆಣ್ಣುಮಕ್ಕಳು. ಏಪ್ರಿಲ್ ಬಿಸಿಲು, ಬಳ್ಳಾರಿ ಜಾಲಿಯ ಮುಳ್ಳು, ದಿನಕ್ಕೆ 349 ರೂಪಾಯಿ ಕೂಲಿ, ಅದೂ ತಡವಾಗಿ. ಹತ್ತೂವರೆಗೆ ಬಂದು ಸೆಲ್ಫಿ ತೆಗೆದುಕೊಂಡು ಹೋದ ಗಂಡಸರು (ನಾನೂ ಆ ಫೋಟೊಗಳಲ್ಲಿದ್ದೇನೆ) ಫ್ಲೆಕ್ಸ್‌ನಲ್ಲಿ ಮುಂದಿನ ಸಾಲಿನಲ್ಲಿದ್ದರು. ಆ ಹೆಣ್ಣುಮಕ್ಕಳ ಒಂದು ಮುಖವೂ ಅದರಲ್ಲಿರಲಿಲ್ಲ. ಫ್ಲೆಕ್ಸ್ ಇಳಿಸಿದ್ದೇವೆ.

ಇನ್ನು ನೀರುಗಂಟಿ ಅಜ್ಜ, ಕೆರೆ ನೀರು ನೋಡಿಕೊಳ್ಳುವವರು. ಕೋಡಿ ಬೀಳುವ ಹಿಂದಿನ ರಾತ್ರಿ ಎಲ್ಲರೂ ಕೋಡಿಯ ಕಡೆ ಟಾರ್ಚ್ ಬಿಡುತ್ತಿದ್ದರೆ, ಅವರು ಒಬ್ಬರೇ ಏರಿಯ ಹಿಂಬದಿಗೆ ಇಳಿದರು. ಏರಿ ಬುಡದಲ್ಲಿ ಹಳೇ ಜಾಲಿ ಬೊಡ್ಡೆ, ಬೇರು ಕೊಳೆತು ಒಳಗೆ ಟೊಳ್ಳಾಗಿತ್ತು. ಅಲ್ಲಿಂದ ಬೆರಳು ಗಾತ್ರ ನೀರು ಬರುತ್ತಿತ್ತು. ಅಜ್ಜ ಬೊಗಸೆಯಲ್ಲಿ ಹಿಡಿದು ಟಾರ್ಚ್ ಬೆಳಕಿಗೆ ಒಡ್ಡಿದರು. "ತಿಳಿ ಐತೆ, ಇನ್ನೂ ಮಣ್ಣು ತರ್ತಿಲ್ಲ. ಕೆಂಪಾದ್ರೆ ಏರಿ ಹೋಯ್ತು ಅಂತ್ಲೇ ಲೆಕ್ಕ. ಮರಳು ಮೂಟೆ ತರ್ರಿ" ಅಂದರು. ಪಡ್ಡೆ ಹುಡುಗರು ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ ಸಾಲು ನಿಂತು ದಾಟಿಸಿದರು. ಹಾಲಿನ ಡೇರಿಯವರು ಜನರೇಟರ್ ತಂದಿಟ್ಟರು. ನಸುಕಿನವರೆಗೂ ನೀರು ತಿಳಿಯಾಗಿಯೇ ಬಂತು.

ಜಮಾ-ಖರ್ಚಿನ ಪಟ್ಟಿ ಡೇರಿಯ ಗೋಡೆ ಮೇಲೆ ಹಚ್ಚಿದ್ದೇವೆ, ತಪ್ಪಿದ್ದರೆ ಮುಖಕ್ಕೇ ಹೇಳಿ. ಉಳಿದ ದುಡ್ಡು ಆ ಬೊಡ್ಡೆ ಕೀಳಿಸಿ ಏರಿ ಗಟ್ಟಿ ಮಾಡಿಸುವುದಕ್ಕೆ.

ಬರುವ ಭಾನುವಾರ ಬಾಗಿನ. ಯಾರ ಕೈಯಲ್ಲಿ ಬಿಡಿಸೋದು ಅಂತ ಸಭೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ತೀರ್ಮಾನ ಆಗಿರುವುದು ಇಷ್ಟು: ಹಳ್ಳ ತೆಗೆದ ಹೆಣ್ಣುಮಕ್ಕಳು ಅಷ್ಟೂ ಜನ ಬಿಡುತ್ತಾರೆ. ಮುತ್ತೈದೆ, ಗಂಡ ಇಲ್ಲದವರು ಅನ್ನೋ ಲೆಕ್ಕ ಇಲ್ಲ. ಮುಖಂಡರು ಬಂದರೆ ಸಂತೋಷ, ಅವರಿಗೂ ನೆರಳಲ್ಲಿ ಕುರ್ಚಿ ಇರುತ್ತದೆ. ಊಟಕ್ಕೆ ಮುದ್ದೆ, ಅವರೆಕಾಳು ಸಾರು, ಸಾಮೆ ಪಾಯಸ. ಪ್ಲಾಸ್ಟಿಕ್ ಎಲೆ ತರಿಸುತ್ತಿಲ್ಲ, ತಟ್ಟೆ ಲೋಟ ಮನೆಯಿಂದಲೇ ತನ್ನಿ.