ಈ ದೀಪಾವಳಿಗೆ ಮಗ ತಲೆಗೆ ಸ್ನಾನ ಮಾಡಿದ

ಮೊನ್ನೆ ನರಕ ಚತುರ್ದಶಿಯ ಬೆಳಿಗ್ಗೆ ನನ್ನ ಮಗ ಎಣ್ಣೆ ಹಚ್ಚಿಕೊಂಡು ತಲೆಗೆ ಸ್ನಾನ ಮಾಡಿ, ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ತಾನೇ ಬಚ್ಚಲಿನಿಂದ ಹೊರಗೆ ಬಂದ. ಹೋದ ದೀಪಾವಳಿಯ ದಿನ ಅದೇ ಬಚ್ಚಲಿನಿಂದ ಅವನನ್ನು ನಾವು ಎತ್ತಿಕೊಂಡು ಬಂದಿದ್ದೆವು. ಅದಾದ ಮೇಲೆ ಅವನಿಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಇದಕ್ಕೆ ಕಾರಣರಾದವರಿಗೆ ಕೈ ಮುಗಿಯಲು ಇದನ್ನು ಬರೆಯುತ್ತಿದ್ದೇನೆ.

ನಾವು ಸೋಮವಾರಪೇಟೆ ಕಡೆಯವರು. ಕೊಡಗಿನ ಮಳೆ, ಚಳಿ ಗೊತ್ತಲ್ಲ. ಬಚ್ಚಲ ಒಲೆಗೆ ಸೌದೆ ತುರುಕಿ, ಹಂಡೆ ನೀರು ಹಬೆಯಾಡುವಷ್ಟು ಕಾಯಿಸಿ ಸ್ನಾನ ಮಾಡುವುದು ನಮ್ಮ ರೂಢಿ. ಮಗನಿಗೆ 13 ತುಂಬಿದ ವರ್ಷ ಇದು ಶುರುವಾಯಿತು. ಚೊಂಬಿನಲ್ಲಿ ತಲೆ ಮೇಲೆ ನೀರು ಹುಯ್ದುಕೊಳ್ಳುತ್ತಿದ್ದವನು ನಿಲ್ಲಿಸುತ್ತಲೇ ಇರಲಿಲ್ಲ. "ಸಾಕು ಬಾರೋ" ಅಂದರೂ ಕೇಳಿಸದವನಂತೆ ಒಂದರ ಮೇಲೊಂದು ಚೊಂಬು. ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು, ಬಾಯಲ್ಲಿ ಅರ್ಥವಿಲ್ಲದ ಮಾತು. ಆಮೇಲೆ ಕೇಳಿದರೆ, "ಒಂಥರಾ ಖುಷಿ ಆಗ್ತಿತ್ತಮ್ಮ, ಮುಂದೆ ಏನೂ ಗೊತ್ತಿಲ್ಲ" ಅನ್ನುತ್ತಿದ್ದ. ಹಟ ಅಂದುಕೊಂಡು ಬೈದಿದ್ದೇನೆ. ಒಂದು ದಿನ ಬೆನ್ನಿಗೆ ಹೊಡೆದೂ ಬಿಟ್ಟೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ತೋರಿಸಿದ ಒಂದು ಕಡೆ, ಹಬೆಗೆ ತಲೆ ಸುತ್ತಿದೆ ಅಂದು ಟಾನಿಕ್ ಬರೆದರು. ಇನ್ನೊಂದು ಕಡೆ ತಲೆಗೆ ವೈರು ಹಚ್ಚಿ ಮೆದುಳಿನ ಅಲೆ ನೋಡುವ ಇಇಜಿ ಪರೀಕ್ಷೆ ಮಾಡಿ, ಸರಿಯಾಗಿದೆ, ಏನೂ ಇಲ್ಲ ಅಂದರು. ಗಾಳಿ ಸೋಂಕು ಅಂತ ಯಾರೋ ಹೇಳಿದ್ದಕ್ಕೆ ತಾಯತವನ್ನೂ ಕಟ್ಟಿಸಿದೆವು.

ಮೊದಲ ನಮಸ್ಕಾರ ನಮ್ಮ ಅತ್ತೆಯವರಿಗೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ, ಮೊಮ್ಮಗನಿಗೆ ಹೀಗಾದ ದಿನಗಳಿಗೆಲ್ಲ ಅವರು ಪೆನ್ಸಿಲಿನಲ್ಲಿ ಸುಮ್ನೆ ಒಂದು ಸೊನ್ನೆ ಸುತ್ತಿಡುತ್ತಿದ್ದರು. "ತಲೆಗೆ ನೀರು ಹಾಕೋ ದಿನಾನೇ ಹೀಗಾಗುತ್ತೆ ನೋಡು" ಅಂತ ಎಷ್ಟು ಸಲ ಹೇಳಿದರೋ. ಭಾನುವಾರಗಳು, ಯುಗಾದಿ, ದೀಪಾವಳಿ. ನಾವು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಕ್ಯಾಲೆಂಡರನ್ನು ಕೈಗೆ ತೆಗೆದುಕೊಂಡು ನೋಡಿದವರು ಮಡಿಕೇರಿಯಲ್ಲಿ ಸಿಕ್ಕಿದ ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಪುಟ ತಿರುಗಿಸಿ ನೋಡಿ, "ನೀರು ಮೈ ಮೇಲೆ ಬಿದ್ದಾಗಲಾ, ತಲೆ ಮೇಲೆ ಬಿದ್ದಾಗಲಾ? ಎಷ್ಟು ಬಿಸಿ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ. ಇದು ಬಿಸಿನೀರಿನ ಮೂರ್ಛೆ ಇರಬಹುದು ಅಂದು ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನಲ್ಲಿ ಅದೇ ಅಂತ ಗಟ್ಟಿಯಾಯಿತು. 40ರಿಂದ 50 ಡಿಗ್ರಿಯಷ್ಟು ಬಿಸಿನೀರು ತಲೆ ಮೇಲೆ ಬಿದ್ದಾಗ ಬರುವ ಫಿಟ್ಸ್ ಇದು. 1945ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮೊದಲು ವರದಿಯಾಯಿತಂತೆ. ಬೇರೆ ದೇಶಗಳಲ್ಲಿ ಅಪರೂಪ, ನಮ್ಮ ದಕ್ಷಿಣ ಭಾರತದಲ್ಲಿ ಜಾಸ್ತಿ. ಕೆಲವು ಮಕ್ಕಳಿಗೆ ಆ ಹೊತ್ತಿನಲ್ಲಿ ಹಿತವಾಗಿ, ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇಇಜಿ, ಎಂಆರ್‌ಐ ಸರಿಯಾಗಿಯೇ ಬರಬಹುದು. ಅದಕ್ಕೇ ಮನೆಯವರು ಕಂಡದ್ದನ್ನು ಬಿಡಿಸಿ ಹೇಳುವುದು ಮುಖ್ಯ ಅಂತ ಅಲ್ಲಿನ ಡಾಕ್ಟರು ವಿವರಿಸಿದರು. ಮಗ ಅದನ್ನು ಕೇಳಿ ನನ್ನ ಕಡೆ ತಿರುಗಿ, "ನಾನು ಬೇಕಂತ ಮಾಡಿದ್ದಲ್ಲ ಅಲ್ವಾಮ್ಮ" ಅಂದ. ನನಗೆ ಬಾಯೇ ಬರಲಿಲ್ಲ.

ಈಗ ಅವನಿಗೆ ಉಗುರು ಬೆಚ್ಚಗಿನ ನೀರು. ತಲೆಗೆ ಒಮ್ಮೆಲೇ ಸುರಿಯುವಂತಿಲ್ಲ, ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ತಲೆ ಸ್ನಾನದ ದಿನ ಒಂದೆರಡು ಗಂಟೆ ಮೊದಲು ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ. ಅದು ಅವನಿಗೆ ಬರೆದುಕೊಟ್ಟದ್ದು, ಡಾಕ್ಟರನ್ನು ಕೇಳದೆ ಯಾರೂ ಮಕ್ಕಳಿಗೆ ಕೊಡಬೇಡಿ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕುವುದಿಲ್ಲ.

ಹೋದ ದೀಪಾವಳಿಗೆ ಹಬ್ಬದ ಅಡುಗೆ ಬಿಟ್ಟು ಜೀಪು ತಂದ ಪಕ್ಕದ ತೋಟದ ಅಣ್ಣನನ್ನು ಮರೆಯಲಾರೆ. ಎಲ್ಲರೂ ಕೈಗೆ ಬೀಗದ ಕೈ ಕೊಡಿ ಅಂತ ಕೂಗುತ್ತಿದ್ದಾಗ, ಮಗನನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ ಅಂದವರು ಅವರೇ. ಶಾಲೆಯ ಮೇಷ್ಟರಿಗೂ ನಮಸ್ಕಾರ. ವಿಷಯ ತಿಳಿದ ಮೇಲೂ ಅವನನ್ನು ಕಬಡ್ಡಿ ಟೀಮಿನಿಂದ ತೆಗೆಯಲಿಲ್ಲ.

ಮಡಿಕೇರಿಯ ಆ ಡಾಕ್ಟರು ಈಗ ಬೇರೆ ಊರಿಗೆ ಹೋದರಂತೆ. ಆ ಗಡಿಬಿಡಿಯಲ್ಲಿ ಹೆಸರು ಕೇಳಿಕೊಳ್ಳಲೂ ಆಗಲಿಲ್ಲ. ಮೇಡಂ, ಇದು ನಿಮ್ಮ ಕಣ್ಣಿಗೆ ಬಿದ್ದರೆ, ಮಗ ಚೆನ್ನಾಗಿದ್ದಾನೆ. ಈ ಕಡೆ ಬಂದಾಗ ನಮ್ಮ ಮನೆಗೆ ಬನ್ನಿ. ಅತ್ತೆಯವರು ನಿಮ್ಮನ್ನು ಒಮ್ಮೆ ನೋಡಬೇಕಂತೆ.