ಫೋಟೋಗ್ರಫಿ ನೆರವಿಗೆ ಅರ್ಜಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತಮ್ಮ ಸಮುದಾಯ, ಭಾಷೆ, ಬೇರುಗಳ ಬಗ್ಗೆ ಫೋಟೋ ತೆಗೆಯುವ ಹೊಸಬರಿಗೆ ಕಲಾ ಸಂಸ್ಥೆಗಳು ಏನು ಕೊಡುತ್ತವೆ ಅಂತ ಕೆಲವರು ಕೇಳಿದ್ದೀರಿ. ಬರೀ ಹಣ ಅಲ್ಲ, ಕಲಿಕೆ, ಪ್ರಕಟಣೆ, ಮಾರ್ಗದರ್ಶನವೂ ಸಿಗುತ್ತದೆ.

ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿರುವ ಫೋಟೋಗ್ರಫಿ ಶಾಲೆ ಮಾರ್ಕೆಟ್ ಫೋಟೋ ವರ್ಕ್‌ಶಾಪ್ ನೋಡಿ. ವರ್ಣಭೇದ ನೀತಿ ಇನ್ನೂ ಇದ್ದಾಗಲೇ, 1989ರಲ್ಲಿ, ಫೋಟೋಗ್ರಾಫರ್ ಡೇವಿಡ್ ಗೋಲ್ಡ್‌ಬ್ಲಾಟ್ ಅದನ್ನು ಶುರು ಮಾಡಿದರು. ಬೇರೆಡೆ ಕಲಿಯಲು ಅವಕಾಶವಿಲ್ಲದವರಿಗೆ ಅಲ್ಲಿ ಜಾಗ ಸಿಕ್ಕಿತು. ಇಂದಿನ ಹೆಸರಾಂತ ಫೋಟೋಗ್ರಾಫರ್ ಝನೆಲೆ ಮುಹೋಲಿ ಕಲಿತದ್ದೂ ಅಲ್ಲೇ. ನ್ಯೂಯಾರ್ಕ್‌ನ ಎನ್ ಫೋಕೋ ಸಂಸ್ಥೆಯನ್ನು 1974ರಲ್ಲಿ ಪೋರ್ಟೊರಿಕನ್ ಫೋಟೋಗ್ರಾಫರ್‌ಗಳೇ ಸೇರಿ ಕಟ್ಟಿದರು. ಮುಂದೆ ತಮ್ಮದೇ ಪತ್ರಿಕೆಯನ್ನೂ ತಂದರು. ಕಪ್ಪು ಜನಾಂಗದ ಫೋಟೋಗ್ರಾಫರ್‌ಗಳಿಗಾಗಿ 1988ರಲ್ಲಿ ಶುರುವಾದ ಲಂಡನ್‌ನ ಆಟೋಗ್ರಾಫ್ ಸಂಸ್ಥೆ ಕೂಡ ಇದೇ ದಾರಿಯದು.

ನನ್ನ ಪ್ರಕಾರ ಇದರಲ್ಲೆಲ್ಲ ಜಾಸ್ತಿ ಬೆಲೆ ಇರುವುದು ಜೊತೆಗೆ ಕೂತು ಫೋಟೋ ಆರಿಸಿಕೊಡುವ ಮಾರ್ಗದರ್ಶಕರಿಗೆ. ನಮ್ಮದೇ ಜನರ ಚಿತ್ರಗಳಲ್ಲಿ ಯಾವುದನ್ನು ಬಿಡಬೇಕು ಅನ್ನುವುದು ನಮಗೇ ಕಾಣುವುದಿಲ್ಲ, ಅಲ್ವಾ?

ಅರ್ಜಿಗೆ ಮುಂಚೆ ಷರತ್ತುಗಳನ್ನು ಪೂರ್ತಿ ಓದಿ. ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆಯೇ, ಪ್ರವೇಶ ಶುಲ್ಕ ಇದೆಯೇ ನೋಡಿ. ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ. ವಿವರಣೆಯಲ್ಲಿ ‘ಸಂಸ್ಕೃತಿ’, ‘ಪರಂಪರೆ’ ಅಂತ ಸುಮ್ನೆ ದೊಡ್ಡ ಮಾತು ಬೇಡ. ಯಾರ ಕಥೆ, ನೀವೇ ಯಾಕೆ ಹೇಳಬೇಕು, ಅಷ್ಟು ಬರೆಯಿರಿ.

ಕರಡು ಸಿದ್ಧವಿದ್ದವರು ಇಲ್ಲೇ ಹಾಕಿ, ಓದಿ ಹೇಳೋಣ.