ಎಂಟನೇ ಕ್ಲಾಸಿಗೆ ಬರುವವರು, ಬಾರದೆ ಉಳಿಯುವವರು

ತಿಪಟೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಎಂಟನೇ ತರಗತಿಗೆ ಸೇರುವ ಮಕ್ಕಳನ್ನು ಬರಮಾಡಿಕೊಳ್ಳುವ ಕೆಲಸವನ್ನು ಹೆಡ್‌ಮಾಸ್ಟರು ನಿನ್ನ ಕೊರಳಿಗೆ ಕಟ್ಟಿದ್ದಾರೆ ಅಂತ ತಿಳಿದು ಖುಷಿಯಾಯಿತು. ನೀನು ಕಳಿಸಿದ ಕಾರ್ಯಕ್ರಮದ ಪಟ್ಟಿಯನ್ನೂ ನೋಡಿದೆ. ತೋರಣ, ಪ್ರಾರ್ಥನೆ, ದೀಪ ಬೆಳಗುವುದು, ಐದು ಜನ ಅತಿಥಿಗಳ ಭಾಷಣ, ಸಿಹಿ. ಇದರಲ್ಲಿ ಮಕ್ಕಳಿಗಿರುವ ಕೆಲಸ ಎರಡೇ: ಕೂರುವುದು, ಚಪ್ಪಾಳೆ ತಟ್ಟುವುದು. ಬೇಜಾರು ಮಾಡ್ಕೋಬೇಡ, ಎಲ್ಲ ಶಾಲೆಯ ಪಟ್ಟಿಯೂ ಹೀಗೇ ಇರುತ್ತೆ. ತೋರಣವೂ ಸಿಹಿಯೂ ಇರಲಿ. ಮಾತಿಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೊಬ್ಬರು ಸಾಕು. ಉಳಿದವರನ್ನು ಆಗಸ್ಟ್ 15ಕ್ಕೆ ಕರಿ, ಮೈಕು ಅವತ್ತೂ ಇರುತ್ತೆ.

ಮೇ ಕೊನೆಗೆ ಶಾಲೆ ಬಾಗಿಲು ತೆರೆಯುವುದರೊಳಗೆ ನಿನಗೆ ಇದಕ್ಕಿಂತ ದೊಡ್ಡ ಕೆಲಸವಿದೆ. ನಿಮ್ಮ ಹೈಸ್ಕೂಲಿಗೆ ಮಕ್ಕಳು ಬರುವುದು ಸುತ್ತಲ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ. ಆ ಶಾಲೆಗಳ ಮೇಷ್ಟ್ರನ್ನು ಕಂಡು, ಈ ಸಲ ಏಳನೇದು ಮುಗಿಸಿದವರ ಹೆಸರೆಲ್ಲ ಬರೆದುಕೊಂಡು ಬಾ. ನಿಮ್ಮ ದಾಖಲಾತಿ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ತಾಳೆ ನೋಡು. ಟಿಸಿ ತಗೊಂಡು ಪೇಟೆಯ ಶಾಲೆಗೋ ವಸತಿ ಶಾಲೆಗೋ ಹೋದವರು ಹೋಗಲಿ. ಎಲ್ಲೂ ಸೇರದ ಹೆಸರುಗಳು ಕೆಳಗೆ ಉಳೀತಾವಲ್ಲ, ನಿನ್ನ ಸ್ವಾಗತ ಆ ಮನೆಗಳಿಂದ ಶುರುವಾಗಬೇಕು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಎಂಟನೇ ತರಗತಿವರೆಗೂ ಕಡ್ಡಾಯ ಅನ್ನುತ್ತೆ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಶಾಲೆ ಏಳಕ್ಕೇ ಮುಗಿದುಹೋಗುತ್ತೆ. ಮಕ್ಕಳು ತಪ್ಪಿಸಿಕೊಳ್ಳುವುದು ಆ ಸಂದಿಯಲ್ಲೇ.

ಮನೆಗೆ ಹೋದಾಗ ‘ಯಾಕೆ ಸೇರಿಸಲಿಲ್ಲ’ ಅಂತ ದಬಾಯಿಸಬೇಡ. ಕೂತು ಒಂದು ಲೋಟ ಕಾಫಿ ಕುಡಿಯೋ ಹೊತ್ತಿಗೆ ಅವರೇ ಬಾಯಿ ಬಿಡ್ತಾರೆ: ಹುಡುಗಿ ಹೇಗೆ ಬರೋದು, ಸಂಜೆ ಎಷ್ಟು ಹೊತ್ತಾಗುತ್ತೆ, ಜೊತೆಗೆ ಯಾರಿದ್ದಾರೆ. ಇದಕ್ಕೆ ಉತ್ತರ ನಿನ್ನ ಕೈಲಿರಬೇಕು. 2006–07ರಿಂದ ಸರ್ಕಾರ ಎಂಟನೇದವರಿಗೆ ಸೈಕಲ್ ಕೊಡುತ್ತಿದ್ದಾಗ ಅರ್ಧ ಚಿಂತೆ ಅಲ್ಲೇ ತೀರುತ್ತಿತ್ತು. ಕೋವಿಡ್ ಬಂದಾಗ ಅದು ನಿಂತಿತು. ಈಗ ಬಸ್ಸೇ ಗತಿ. ಹುಡುಗಿಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುವ ಶಕ್ತಿ ಯೋಜನೆಯಿದೆ, ಗುರುತಿನ ಚೀಟಿ ತೋರಿಸಿದರಾಯಿತು. ಹುಡುಗರಿಗೆ ಪಾಸ್ ಬೇಕು. ಅದರ ಅರ್ಜಿ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ. ಕೂಲಿ ಬಿಟ್ಟು ಸೈಬರ್ ಅಂಗಡಿ ಸುತ್ತುವ ಕಷ್ಟ ಅವರಿಗೆ ಬೇಡ, ಶಾಲೆಯ ಕಂಪ್ಯೂಟರಿನಲ್ಲೇ ನೀವು ತುಂಬಿಸಿಕೊಡಿ. ಶಾಲೆ ಬಿಡುವ ಹೊತ್ತಿಗೆ ಬಸ್ಸಿಲ್ಲದ ಊರಿದ್ದರೆ ಎಷ್ಟು ಮಕ್ಕಳು ಅಂತ ಬರೆದು, ಹೆಡ್‌ಮಾಸ್ಟರ ಸಹಿ ಹಾಕಿಸಿ, ಡಿಪೋ ಮ್ಯಾನೇಜರಿಗೆ ಈಗಲೇ ಅರ್ಜಿ ಕೊಡು. ಜೂನ್‌ನಲ್ಲಿ ಕೊಟ್ಟರೆ ದಸರಾ ರಜೆ ಬಂದಿರುತ್ತೆ!

ಇನ್ನು ಮೊದಲ ದಿನದ ಮಾತು. ಹೊಸ ಮಗುವಿಗೆ ಹೆದರಿಕೆ ಬೀಜಗಣಿತದ್ದು ಅಂದುಕೊಂಡಿದ್ದೀಯಾ? ಶೌಚಾಲಯ ಯಾವ ಕಡೆ, ಊಟಕ್ಕೆ ತಟ್ಟೆ ಮನೆಯಿಂದ ತರಬೇಕಾ, ಬಸ್ ತಡವಾಗಿ ಬಂದರೆ ಹೊರಗೆ ನಿಲ್ಲಿಸ್ತಾರಾ ಅನ್ನೋದು ಅದರ ಹೆದರಿಕೆ. ಇದನ್ನೆಲ್ಲ ತೋರಿಸಿ ಹೇಳೋಕೆ ಒಂಬತ್ತನೇದವರನ್ನು ಇಟ್ಟುಕೊ. ಹೋದ ವರ್ಷದ ದಿಗಿಲು ಅವರಿಗಿನ್ನೂ ನೆನಪಿರುತ್ತೆ. ಹತ್ತನೇದವರು ಬೇಡ, ದೊಡ್ಡಸ್ತಿಕೆ ತೋರಿಸ್ತಾರೆ. ಅದೇ ಊರಿನವರು, ಅದೇ ಬಸ್ಸಿಗೆ ಬರುವವರು ಜೊತೆಯಾದರೆ ಒಳ್ಳೆಯದು. ಒಂದೇ ಹಳ್ಳಿಯ ಮಕ್ಕಳು ಒಟ್ಟಿಗೆ ಒತ್ತಿಕೊಂಡು ಕೂತರೆ ಬಿಡಿಸಬೇಡ, ಸಾಲು ಬದಲಿಸೋಕೆ ಜುಲೈ ಇದೆ. ಅಲ್ಲಿ ಇಬ್ಬರು ಮೂವರು ಮೇಷ್ಟ್ರೇ ಎಲ್ಲ ಪಾಠ ಮಾಡುತ್ತಿದ್ದರು, ಇಲ್ಲಿ ಬೆಲ್ಲಿಗೊಂದು ಮುಖ. ಅವತ್ತು ಎಲ್ಲರೂ ಬಂದು ಹೆಸರು, ವಿಷಯ ಹೇಳಿ, ಮಕ್ಕಳ ಹೆಸರು ಕೇಳಿ ಹೋಗಲಿ. ಹುಡುಗಿಯರ ಹತ್ತಿರ ನೀನೇ ಬೇರೆಯಾಗಿ ಕೂತು ಮಾತಾಡು. ಮುಟ್ಟಿನ ದಿನ ಪ್ಯಾಡ್ ಯಾರನ್ನು ಕೇಳಬೇಕು, ಯಾರಾದರೂ ಪೀಡಿಸಿದರೆ ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098 ಎಲ್ಲ ಅವರಿಗೆ ಗೊತ್ತಿರಲಿ.

ಹಿಂದಿನ ತರಗತಿಯದು ಎಷ್ಟು ಬರುತ್ತೆ ಅಂತ ನೋಡುವ ಸೇತುಬಂಧದ ನೈದಾನಿಕ ಪರೀಕ್ಷೆಯನ್ನು ಅವತ್ತೇ ಇಟ್ಟುಬಿಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡ. ಇಟ್ಟಾಗಲೂ ಅಂಕಗಳನ್ನು ತರಗತಿಯಲ್ಲಿ ಓದಿ ಹೇಳಬೇಡಿ. ಎಸೆಸೆಲ್ಸಿಯಲ್ಲಿ ಎಷ್ಟು ಅಂಕ ಅನ್ನುವ ರಾಗವನ್ನೂ ಅವತ್ತಿಗೆ ಯಾರೂ ಎಳೆಯುವುದು ಬೇಡ.

ತಂದೆತಾಯಿಯರಿಗೆ ಹೇಳಲೇಬೇಕಾದ್ದು ಒಂದಿದೆ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇದವರಿಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇರುತ್ತೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಕೇಂದ್ರದ ವಿದ್ಯಾರ್ಥಿವೇತನ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಹೋಗಿ ಬರಲಿ. ಈ ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ತೋಟದ ಕೂಲಿಗೆ ಹೋಗುವವರು ಯಾರೂ ಬರಲ್ಲ. ಸಂಜೆ ಇಡು.

ತಾಳೆ ನೋಡಿದ ಮೇಲೆ ಉಳಿದ ಹೆಸರುಗಳಲ್ಲಿ ನಮ್ಮ ಕಡೆಯ ಊರಿನವರು ಯಾರಾದರೂ ಇದ್ದರೆ ನನಗೆ ಬರೆದು ಕಳಿಸು. ಆ ಮನೆಗಳಿಗೆ ನಾನೂ ಜೊತೆಗೆ ಬರ್ತೀನಿ. ಅಮ್ಮನಿಗೆ ಕೇಳಿದೆನೆಂದು ಹೇಳು.

ಇತಿ ನಿನ್ನ
ದೊಡ್ಡಪ್ಪ